ಡ್ರಮ್ಮಿಗೆ ಬಿದ್ದ ಆರ್‌ಸಿ ಪುಸ್ತಕ

ನನ್ನ ಹೆಂಡತಿಯ ತಾಯಿಯನ್ನು ಕಂಡರೆ ನನಗಾಗದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಟ್ಟೆಯಲ್ಲಿ ಏನೋ ಇಟ್ಟುಕೊಂಡು ಬರೆದಿದ್ದಾನೆ ಎಂದು ಆಮೇಲೆ ಯಾರೂ ಕಂಡುಹಿಡಿಯಬೇಕಾಗಿಲ್ಲ. ಅವರಿಗೂ ನನ್ನನ್ನು ಕಂಡರೆ ಆಗದು. ಮದುವೆಯಾದ ಹೊಸದರಲ್ಲಿ ನನ್ನ ಶರ್ಟಿನ ಕಾಲರ್ ನೋಡಿ, "ಅಳಿಯಂದಿರು ಬಟ್ಟೇನ ಕೈಯಲ್ಲಿ ಒಗೀತಾರೋ ಕಾಲಲ್ಲಿ ಒಗೀತಾರೋ, ಕೇಳಮ್ಮ" ಎಂದು ಮಗಳಿಗೆ ಹೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಅಳಿಯನಿಗೆ ಕೊಡಬೇಕಾದ ಮರ್ಯಾದೆಯಲ್ಲಿ ಅವರು ಕೂದಲೆಳೆಯಷ್ಟೂ ಕಡಿಮೆ ಮಾಡುವುದಿಲ್ಲ. ನೀವು, ತಾವು ಎನ್ನುತ್ತಲೇ ಮಾನ ಹರಾಜು ಹಾಕುತ್ತಾರೆ.

ಅತ್ತೆಯದು ಲಾಂಡ್ರಿ. ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಟವಲು, ಹೊದಿಕೆಗಳನ್ನು ತಂದು, ದೊಡ್ಡ ಕಬ್ಬಿಣದ ಡ್ರಮ್ಮಿನಲ್ಲಿ ತಿರುಗಿಸಿ, ಒಣಗಿಸಿ, ಇಸ್ತ್ರಿ ಮಾಡಿ, ತಮ್ಮ ಬಿಳಿ ವ್ಯಾನಿನಲ್ಲಿ ತಾವೇ ಹಾಕಿಕೊಂಡು ಹೋಗಿ ಕೊಟ್ಟು ಬರುತ್ತಾರೆ. ಬೀದಿಯವರು ಅವರನ್ನು ಬೆನ್ನ ಹಿಂದೆ 'ಗಂಜಿ' ಎನ್ನುತ್ತಾರೆ. ಗಂಜಿ ಹಾಕಿದ ಬಟ್ಟೆ ಮಡಚಿದರೂ ಮಡಚಿಕೊಳ್ಳುವುದಿಲ್ಲವಲ್ಲ, ಹಾಗೆ. ಯಾರಿಗೂ ತಲೆ ಬಾಗದ ಹೆಂಗಸು. ಮಾವ ತೀರಿಕೊಂಡ ಮೇಲೆ ಲಾಂಡ್ರಿ ಮುಚ್ಚಿಬಿಡಿ ಎಂದು ಬುದ್ಧಿ ಹೇಳಲು ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದರು. ಸ್ಟೀರಿಂಗ್ ಮುಟ್ಟಿ ಗೊತ್ತಿಲ್ಲದವರು ಆ ವಯಸ್ಸಿನಲ್ಲಿ ವ್ಯಾನು ಓಡಿಸುವುದನ್ನು ಕಲಿತರು. ಕಲಿಸಿದವನು ಈಗಲೂ ಅವರನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಾನೆ.

ನನ್ನನ್ನು ಕಂಡರೆ ಆಗದು ಎಂದೆನಲ್ಲ, ಅದು ಬರೀ ತಾಲೀಮು. ಅವರ ನಿಜವಾದ ದ್ವೇಷವೆಲ್ಲ ಮೈದುನನಿಗೆ, ಅಂದರೆ ಮಾವನ ತಮ್ಮನಿಗೆ, ಮೀಸಲು. ಮೊದಲು ಅಣ್ಣ ತಮ್ಮ ಒಟ್ಟಿಗೆ ಲಾಂಡ್ರಿ ನಡೆಸುತ್ತಿದ್ದರು. ಒಂದೇ ದಿನ, ಒಂದೇ ಅಂಗಡಿಯಲ್ಲಿ ಎರಡು ವ್ಯಾನು ತಂದರು. ಎರಡೂ ಬಿಳಿ, ಎರಡೂ ಒಂದೇ ಕಂಪನಿ, ಅಕ್ಕಪಕ್ಕ ನಿಲ್ಲಿಸಿದರೆ ನಂಬರ್ ಪ್ಲೇಟು ನೋಡಿಯೇ ಗುರುತು ಹಿಡಿಯಬೇಕು. ಒಂದು ಅತ್ತೆಯ ಹೆಸರಿನಲ್ಲಿ, ಇನ್ನೊಂದು ಮೈದುನನ ಹೆಸರಿನಲ್ಲಿ. ಹೀಗಿರುವಾಗ ಮೈದುನ ಒಂದು ದಿನ ಅತ್ತೆಯ ಹೆಸರಿನ ವ್ಯಾನನ್ನು ತೆಗೆದುಕೊಂಡು ಹೋಗಿ ಮೋರಿ ಗೋಡೆಗೆ ಗುದ್ದಿದ. ಮುಂಭಾಗವೇನೋ ರಿಪೇರಿಯಾಯಿತು. ಆದರೆ ಅಡಿಯ ಚೌಕಟ್ಟು ಸೊಟ್ಟಗಾಗಿತ್ತು. ಸ್ಟೀರಿಂಗ್ ಸಡಿಲ ಬಿಟ್ಟರೆ ಗಾಡಿ ಎಡಕ್ಕೆ ವಾಲುತ್ತಿತ್ತು.

ಅದಾದ ಸ್ವಲ್ಪ ದಿನಕ್ಕೇ ಮನೆ ಪಾಲಾಯಿತು. ಯಾರ ಹೆಸರಿನ ಗಾಡಿ ಅವರಿಗೆ ಎಂದು ಹಿರಿಯರು ತೀರ್ಮಾನ ಮಾಡಿದರು. ಸೊಟ್ಟ ವ್ಯಾನು ಅತ್ತೆಯ ಪಾಲಿಗೆ ಬಂತು. ಅಷ್ಟೂ ಜನರ ಎದುರಿಗೆ ಮೈದುನ, "ಬೇಕಾದ್ರೆ ನನ್ನದು ಇಟ್ಕೊಳ್ಳಿ ಅತ್ತಿಗೆ, ಸೊಟ್ಟಗಿರೋದು ನನಗಿರಲಿ" ಎಂದನಂತೆ. ಅತ್ತೆ, "ನೀನು ಕೂತ ಸೀಟಿನ ಮೇಲೆ ನಾನು ಕೂರೋಳಲ್ಲ" ಎಂದರಂತೆ. ಇದನ್ನು ನಾನು ಮದುವೆಯಾದ ಮೇಲೆ ಅತ್ತೆಯ ಬಾಯಿಂದಲೇ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಮುಖ ಅರಳುತ್ತಿತ್ತು.

ಇನ್ನೊಂದು ಕಥೆಯನ್ನೂ ಅಷ್ಟೇ ಖುಷಿಯಿಂದ ಹೇಳುತ್ತಿದ್ದರು. ಆ ಸೊಟ್ಟ ವ್ಯಾನು ಈಗ ಗೆರೆ ಎಳೆದ ಹಾಗೆ ನೇರ ಹೋಗುತ್ತದೆ. ಮಾವ ಯಾರೋ ಒಳ್ಳೆಯ ಮೆಕ್ಯಾನಿಕ್ ಹತ್ತಿರ ಸರಿ ಮಾಡಿಸಿದ್ದು ಸ್ವಲ್ಪ, ಉಳಿದದ್ದೆಲ್ಲ ತಮ್ಮ ಕೈಗುಣ. "ನಾನು ಹಿಡಿದ್ರೆ ಗಾಡಿ ಆದ್ರೂ ಸರಿ, ಮನುಷ್ಯರಾದ್ರೂ ಸರಿ, ನೆಟ್ಟಗಾಗಬೇಕು" ಎಂದು ನನ್ನ ಕಡೆ ನೋಡುತ್ತಿದ್ದರು. ಅತ್ತ ಮೈದುನನ ವ್ಯಾನು ಎಡಕ್ಕೆ ವಾಲಿಕೊಂಡು ಓಡಾಡುವುದನ್ನು ಊರೇ ನೋಡುತ್ತಿತ್ತು. ಎದುರಿಗೆ ಸಿಕ್ಕರೆ ಅತ್ತೆ ಕಿಟಕಿಯ ಗಾಜು ಇಳಿಸಿ, "ಗುಣಕ್ಕೆ ತಕ್ಕ ಗಾಡಿ!" ಎಂದು ಕೂಗುತ್ತಿದ್ದರು. ಆತ ತುಟಿ ಬಿಚ್ಚುತ್ತಿರಲಿಲ್ಲ. ಸ್ಟೀರಿಂಗನ್ನು ಬಲಕ್ಕೆ ಎಳೆದು ಹಿಡಿದುಕೊಂಡು ಮುಂದೆ ಹೋಗುತ್ತಿದ್ದ.

ಹೋದ ವರ್ಷ ಆಸ್ಪತ್ರೆಯವರು ಬಟ್ಟೆ ಒಗೆಯುವ ಗುತ್ತಿಗೆಯನ್ನು ಹೊಸದಾಗಿ ಕರೆದರು. ಅತ್ತೆಯ ಲಾಂಡ್ರಿಯ ಅರ್ಧಕ್ಕಿಂತ ಹೆಚ್ಚು ಕೆಲಸ ಆಸ್ಪತ್ರೆಯದೇ. ಅದು ತಪ್ಪಿದರೆ ಬಾಗಿಲು ಹಾಕಬೇಕು. ಮೈದುನನೂ ಅರ್ಜಿ ಹಾಕಿದ್ದ. ಈ ಸಲ ಹೊಸ ನಿಯಮ ಬಂದಿತ್ತು. ತಿಂಗಳ ಕೊನೆಯೊಳಗೆ ವ್ಯಾನಿನ ಆರ್‌ಸಿ ಪುಸ್ತಕ ತಂದು ತೋರಿಸಬೇಕು, ಇಲ್ಲದಿದ್ದರೆ ಗಾಡಿಯನ್ನು ಗೇಟಿನೊಳಗೇ ಬಿಡುವುದಿಲ್ಲ. ಅತ್ತೆ ವ್ಯಾನಿನ ಡ್ಯಾಶ್‌ಬೋರ್ಡಿನ ಡಬ್ಬಿಯಿಂದ ಆ ಹಸಿರು ಪುಸ್ತಕವನ್ನು ತೆಗೆದರು, ಜೆರಾಕ್ಸ್ ಮಾಡಿಸಿದರೆ ಆಯಿತು ಎಂದು. ಮಾರನೆಯ ದಿನಕ್ಕೆ ಪುಸ್ತಕ ಇಲ್ಲ.

"ಕದ್ದಿದ್ದಾನೆ" ಎಂದರು. ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಆ ಮಧ್ಯಾಹ್ನ ನಾನು ಲಾಂಡ್ರಿಗೆ ಹೋಗಿದ್ದೆ. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುವ ಅಳಿಯ ಇದ್ದ ಮೇಲೆ ಡ್ರಮ್ಮಿನ ಸ್ವಿಚ್ಚು ಕೆಟ್ಟರೆ ಪುಗಸಟ್ಟೆ ರಿಪೇರಿ ಆಗಲೇಬೇಕಲ್ಲ. ಒಳಗೆ ಒಗೆಯುವ ಸೋಡಾ ವಾಸನೆ, ಹಬೆ, ಕಾಲಿಟ್ಟಲ್ಲಿ ನೀರು. ಗೋಡೆಯ ಮೇಲೆ ಅತ್ತೆ ಬರೆಸಿದ್ದ ದೊಡ್ಡ ಬೋರ್ಡು, 'ಜೇಬು ನೋಡಿ ಬಟ್ಟೆ ಕೊಡಿ. ಕಳೆದುಹೋದದ್ದಕ್ಕೆ ನಾವು ಹೊಣೆಯಲ್ಲ.' ಡ್ರಮ್ಮಿನ ಬಾಗಿಲು ತೆಗೆದರೆ ಬಿಳಿ ಚಾದರಗಳ ತುಂಬ ಹಸಿರು ಹಸಿರು ಕಾಗದದ ಮುದ್ದೆ. ಅವುಗಳ ನಡುವೆ ಅತ್ತೆಯ ಏಪ್ರನ್. ಅದರ ಜೇಬಿಗೆ ಕೈ ಹಾಕಿದೆ. ಪುಸ್ತಕದ ಹೊಲಿಗೆಯ ಪಿನ್ನು ಎರಡು ಕೈಗೆ ಸಿಕ್ಕವು.

ಸುಳ್ಳೇಕೆ, ನನಗೆ ಬಹಳ ಸಂತೋಷವಾಯಿತು. ಇಷ್ಟು ವರ್ಷ ಕಾದಿದ್ದಕ್ಕೆ ಸಿಕ್ಕಿದ ದಿನ. ಪಿನ್ನುಗಳನ್ನು ಅಂಗೈಯಲ್ಲಿ, ಒದ್ದೆ ಏಪ್ರನ್ನನ್ನು ತೋಳ ಮೇಲೆ ಇಟ್ಟುಕೊಂಡು ಹೋಗಿ ಇಸ್ತ್ರಿ ಮೇಜಿನ ಮೇಲೆ ಅವರ ಮುಂದಿಟ್ಟೆ.

"ಅತ್ತೆ, ಕಳ್ಳ ಸಿಕ್ಕಿದ."

ಅವರು ಪಿನ್ನು ನೋಡಿದರು, ಏಪ್ರನ್ ನೋಡಿದರು, ನನ್ನನ್ನು ನೋಡಿದರು. ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ನಿಲ್ಲಿಸಲಿಲ್ಲ.

"ಅಳಿಯಂದಿರು ಸ್ವಿಚ್ಚು ನೋಡೋಕೆ ಬಂದಿದ್ದಲ್ವಾ? ಸ್ವಿಚ್ಚು ನೋಡಲಿ."

ಮಾರನೆಯ ದಿನ ಪೊಲೀಸ್ ಠಾಣೆ. ಹೊಸ ಪುಸ್ತಕ ಬೇಕೆಂದರೆ ಮೊದಲು ಅಲ್ಲಿ ದೂರು ಕೊಟ್ಟು ರಸೀದಿ ತರಬೇಕು. ನನ್ನ ಹೆಂಡತಿ, "ಅಮ್ಮ ಒಬ್ಬಳೇ ಹೋದ್ರೆ ಅಲ್ಲಿ ಜಗಳ ಆಗುತ್ತೆ, ನೀವೂ ಹೋಗಿ" ಎಂದಳು. ನಾನು ಹೋದೆ. ಜಗಳ ಆಯಿತು.

ಠಾಣೆಯ ರೈಟರ್ ತಲೆ ಎತ್ತದೆ ಕೇಳಿದ, "ಕಳೆದಿದ್ದಾ, ಕಳವಾ?"

"ಕಳವು."

"ಯಾರ ಮೇಲೆ ಅನುಮಾನ?"

"ಅನುಮಾನ ಏನಿಲ್ಲ. ನನ್ನ ಮೈದುನ. ಅಡ್ರೆಸ್ ಬರ್ಕೊಳ್ಳಿ."

ರೈಟರ್ ಪೆನ್ನು ಕೆಳಗಿಟ್ಟ. "ನೋಡಿ ಅಮ್ಮ, ಕಳವು ಅಂದ್ರೆ ಕೇಸಾಗುತ್ತೆ, ವಿಚಾರಣೆ ಆಗುತ್ತೆ, ಹೊಸ ಪುಸ್ತಕ ಕೈಗೆ ಬರೋದು ಯಾವಾಗಲೋ. ಕಳೆದಿದೆ ಅಂತ ಬರ್ಕೊಟ್ರೆ ಈಗಲೇ ರಸೀದಿ ಕೊಡ್ತೀನಿ."

"ನಾನು ಹುಟ್ಟಿದಾಗಿಂದ ಒಂದು ಗುಂಡಿ ಕಳೆದವಳಲ್ಲ!" ಅತ್ತೆಯ ದನಿಗೆ ಒಳಗಿನ ಕೋಣೆಯಿಂದ ಇಬ್ಬರು ಬಂದು ನೋಡಿಹೋದರು. ನಾನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ ಆ ಎರಡು ಪಿನ್ನು ತೆಗೆದು ಮೆಲ್ಲಗೆ ಮೇಜಿನ ಅಂಚಿನಲ್ಲಿಟ್ಟೆ. ಅತ್ತೆ ಅವುಗಳನ್ನು ನೋಡಿ ರೈಟರನ ಪೆನ್ನು ಎತ್ತಿಕೊಂಡರು. ಆಮೇಲೆ 'ಕಳೆದಿದೆ' ಎಂದು ಬರೆದ ಕಡೆ ಸಹಿ ಹಾಕಿದರು. ಕಾಗದ ಹರಿಯುವಷ್ಟು ಒತ್ತಿ ಹಾಕಿದರು. ವಾಪಸು ಬರುವಾಗ ವ್ಯಾನಿನಲ್ಲಿ ನನ್ನೊಡನೆ ಮಾತಾಡಲಿಲ್ಲ. ಆ ಪ್ರಯಾಣವನ್ನು ನಾನು ಈಗಲೂ ನೆನೆಸಿಕೊಳ್ಳುತ್ತಿರುತ್ತೇನೆ.

ಮುಂದಿನದು ವಾಹನ ನೋಂದಣಿ ಕಚೇರಿ. ಅಲ್ಲಿಯ ಇನ್ಸ್‌ಪೆಕ್ಟರ್ ಸಣಕಲು ಮನುಷ್ಯ, ಎಲ್ಲರ ಮೇಲೂ ಸಮನಾಗಿ ಸಿಡುಕುವವನು. ಅತ್ತೆಯ ಮುಂದೆ ಅವನೇ ಸರಿ ಎನ್ನಿಸಿತು. ಗಾಡಿಯನ್ನು ಅಂಗಳಕ್ಕೆ ತನ್ನಿ, ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚು ತೆಗೆದು ಕೊಡಿ ಎಂದ. ಗಾಡಿಯ ಅಡಿಯ ಚೌಕಟ್ಟಿನ ಮೇಲೆ ಕಾರ್ಖಾನೆಯಲ್ಲೇ ಒಂದು ನಂಬರ್ ಕೊರೆದಿರುತ್ತಾರೆ. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ನಂಬರ್ ಮೂಡುತ್ತದೆ. ಅದು ಕಚೇರಿಯ ದಾಖಲೆಗೆ ಹೊಂದಬೇಕು. ವರ್ಷ ವರ್ಷದ ತಪಾಸಣೆಯಲ್ಲಿ ಹೊಗೆ, ದೀಪ, ಬ್ರೇಕು ನೋಡಿ ಕಳಿಸುತ್ತಿದ್ದರೇ ಹೊರತು ಈ ಕೆಲಸ ಯಾರೂ ಮಾಡಿರಲಿಲ್ಲ. ಗಾಡಿಯ ಕೆಳಗೆ ಮಲಗುವವರು ಯಾರು? ಅಳಿಯಂದಿರು. ನನ್ನ ಬೆನ್ನಿಗೆ ಜಲ್ಲಿ, ಮುಖಕ್ಕೆ ಮಣ್ಣು. ಅತ್ತೆ ಪಕ್ಕದಲ್ಲಿ ನಿಂತು, "ನಿಧಾನ, ತಮ್ಮ ಶರ್ಟು ಕೊಳೆಯಾದೀತು, ಆಮೇಲೆ ತಾವೇ ಒಗೀಬೇಕಾಗುತ್ತೆ" ಎನ್ನುತ್ತಿದ್ದರು.

ಇನ್ಸ್‌ಪೆಕ್ಟರ್ ನನ್ನ ಅಚ್ಚನ್ನು ಕಂಪ್ಯೂಟರಿನ ಪಕ್ಕ ಹಿಡಿದು ನೋಡಿದ. ಮತ್ತೆ ನೋಡಿದ. ಇನ್ನೊಂದು ಅಚ್ಚು ತೆಗೆಸಿದ. ಆಮೇಲೆ ಅಚ್ಚಿನಲ್ಲಿದ್ದ ನಂಬರನ್ನೇ ಕಂಪ್ಯೂಟರಿಗೆ ಹಾಕಿ, ಅದು ಯಾವ ಗಾಡಿಯದು ಎಂದು ಓದಿ ಹೇಳಿದ. ಪ್ಲೇಟಿನ ನಂಬರ್ ಕೇಳಿದ ಕೂಡಲೇ ಅತ್ತೆ ಕುರ್ಚಿಯಿಂದ ಎದ್ದರು. ಆ ನಂಬರನ್ನು ಅವರು ಇಷ್ಟು ವರ್ಷ ರಸ್ತೆಯಲ್ಲಿ ಹುಡುಕಿ ಹುಡುಕಿ ಬೈದಿದ್ದರು.

"ನೋಡಿದ್ರಾ! ಗಾಡೀನೇ ಕದ್ದಿದ್ದಾನೆ!"

"ಅಮ್ಮ," ಎಂದ ಇನ್ಸ್‌ಪೆಕ್ಟರ್, "ಅವರ ಗಾಡಿ ನಿಮ್ಮ ಹತ್ರ ಇದೆ. ಪ್ಲೇಟು ಮಾತ್ರ ನಿಮ್ಮದು. ಕೇಸು ಹಾಕಿದ್ರೆ ನಾನು ನಿಮ್ಮ ಮೇಲೆ ಹಾಕ್ಬೇಕು."

ಎರಡೂ ಗಾಡಿ, ಇಬ್ಬರೂ ಮಾಲೀಕರು ನಾಳೆ ಈ ಅಂಗಳದಲ್ಲಿರಬೇಕು, ಇಲ್ಲದಿದ್ದರೆ ಎರಡನ್ನೂ ಸೀಜ್ ಮಾಡುತ್ತೇನೆ ಎಂದು ಹೇಳಿ ಮುಂದಿನವರನ್ನು ಕರೆದ. ಅತ್ತೆ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರು ಹಾಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನು ನೀರು ತಂದುಕೊಟ್ಟೆ. "ಬಾಟಲಿ ಯಾಕೆ ಇಷ್ಟು ಜಿಡ್ಡಾಗಿದೆ" ಎಂದು ಕೇಳಿ ಕುಡಿದರು.

ಮೈದುನನ ಲಾಂಡ್ರಿಗೆ ನನ್ನನ್ನೇ ಅಟ್ಟಿದರು. ಮಾವನಷ್ಟೇ ಎತ್ತರದ ಮನುಷ್ಯ, ಬಲಗೈ ಎಡಗೈಗಿಂತ ದಪ್ಪ. ನಾನು ಹೇಳಿದ್ದನ್ನೆಲ್ಲ ಕೇಳಿ, ಸೋಪಿನ ಚೀಲದ ಮೇಲೆ ಕೂತು ನಕ್ಕ. ಆ ನಗುವಿನಲ್ಲಿ ಸಂತೋಷವೇನೂ ಇರಲಿಲ್ಲ.

"ಅಂತೂ ಗೊತ್ತಾಯ್ತಾ," ಎಂದ. "ನಾನು ಬರದೆ ಇದ್ರೆ?"

"ನಿಮ್ಮ ಗಾಡೀನೂ ಸೀಜ್ ಮಾಡ್ತಾರಂತೆ."

"ಹಾಗಾದ್ರೆ ಗಾಡಿಗೋಸ್ಕರ ಬರ್ತೀನಿ. ನಿಮ್ಮ ಅತ್ತೆಗೋಸ್ಕರ ಬಂದೆ ಅಂತ ಅವರು ತಿಳ್ಕೊಳ್ಳೋದು ಬೇಡ. ಹೇಳಿಬಿಡಿ."

ಮಾರನೆಯ ಬೆಳಿಗ್ಗೆ ಎರಡು ಬಿಳಿ ವ್ಯಾನುಗಳು ಅಂಗಳದಲ್ಲಿ ಅಕ್ಕಪಕ್ಕ ನಿಂತವು. ನಡುವೆ ನಾನು ನಿಂತೆ. ಅತ್ತೆ ಮೈದುನನ ಮುಖ ನೋಡದೆ ನನಗೆ ಹೇಳಿದರು, "ಅಳಿಯಂದಿರೇ, ಪ್ಲೇಟು ಯಾವಾಗ ಬದಲಾಯಿಸಿದ ಅಂತ ಕೇಳಿ ಅವನನ್ನ."

ಮೂರು ಮಾರು ದೂರದಲ್ಲಿದ್ದ ಮನುಷ್ಯನಿಗೆ ನಾನು ಅದನ್ನು ಮತ್ತೆ ಹೇಳಬೇಕಾಯಿತು. ಆತನೂ ನನಗೇ ಹೇಳಿದ.

"ಪಾಲಾದ ದಿನ ಸಾಯಂಕಾಲ ಅಂತ ಹೇಳಿ. ಅವರು ಅಷ್ಟು ಜನರ ಮುಂದೆ ನನ್ನ ಸೀಟಿನ ಮೇಲೆ ಕೂರಲ್ಲ ಅಂದ್ರಲ್ಲ, ಅವತ್ತೇ. ಅಣ್ಣನ ಭುಜದ ಕಥೆ ಅವರಿಗೆ ಗೊತ್ತಿಲ್ವಾ? ತೋಳು ಎತ್ತೋಕೆ ಆಗದವನು ಆ ಸೊಟ್ಟ ಗಾಡಿ ಹೇಗೆ ಓಡಿಸ್ತಾನೆ? ಗುದ್ದಿದೋನು ನಾನು, ನಾನೇ ಇಟ್ಕೋತೀನಿ ಅಂದೆ. ಅಣ್ಣ ಒಪ್ಪಿದ. ಆದ್ರೆ 'ಅವಳಿಗೆ ಗೊತ್ತಾದ್ರೆ ಗಾಡಿ ಹತ್ತಲ್ಲ, ನನ್ನನ್ನೂ ಹತ್ತೋಕೆ ಬಿಡಲ್ಲ' ಅಂದ. ಇಬ್ಬರೂ ಸೇರಿ ಪ್ಲೇಟು ಬಿಚ್ಚಿದ್ವಿ, ಸೀಟಿನ ಕವರೂ ಬದಲಾಯಿಸಿದ್ವಿ."

 ಅತ್ತೆ ಕೈಯಲ್ಲಿದ್ದ ಬೀಗದ ಕೈಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಿದ್ದುದು ನಿಂತಿತ್ತು.

ಆಗ ಮೈದುನ ನನ್ನನ್ನು ಬಿಟ್ಟು ನೇರವಾಗಿ ಅವರ ಕಡೆ ತಿರುಗಿದ. "ಇಷ್ಟು ವರ್ಷ ರಸ್ತೆ ರಸ್ತೇಲಿ ಬೈದ್ರಿ, ಅತ್ತಿಗೆ. ಬೈಸ್ಕೊಂಡೆ, ಅಣ್ಣನಿಗೆ ಮಾತು ಕೊಟ್ಟಿದ್ದೆ. ಅಣ್ಣ ಆಸ್ಪತ್ರೇಲಿದ್ದಾಗ ಬಾಗಿಲಿಂದಲೇ ನನ್ನನ್ನ ವಾಪಸ್ ಕಳಿಸಿದ್ರಲ್ಲ, ಅದನ್ನ ಮಾತ್ರ ನಾನು ಮರೆಯಲ್ಲ. ನಿಮಗೋಸ್ಕರ ನಾನು ಏನೂ ಮಾಡಿಲ್ಲ. ಅದೊಂದು ನಿಮ್ಮ ತಲೇಲಿರಲಿ."

ಇನ್ಸ್‌ಪೆಕ್ಟರಿಗೆ ಇವರ ಸಂಸಾರ ಬೇಕಾಗಿರಲಿಲ್ಲ. ಎರಡು ದಾರಿ ಇದೆ ಎಂದ. ಇಬ್ಬರೂ ಒಪ್ಪಿ ಸಹಿ ಮಾಡಿದರೆ ಯಾರ ಹತ್ತಿರ ಯಾವ ಗಾಡಿ ಇದೆಯೋ ಅದನ್ನು ಅವರ ಹೆಸರಿಗೇ ವರ್ಗಾಯಿಸಬಹುದು. ಅರ್ಜಿ ಹಾಕಿದ ರಸೀದಿಯನ್ನೇ ಆಸ್ಪತ್ರೆಯವರಿಗೆ ತೋರಿಸಿದರೆ ಸಾಕಾಗುತ್ತದೆ. ಇಲ್ಲದಿದ್ದರೆ ಈಗಲೇ ಪ್ಲೇಟು ಬಿಚ್ಚಿ ಆಯಾ ನಂಬರಿನ ಗಾಡಿಗೆ ಹಾಕಬೇಕು, ಹಾಕಿದ ಮೇಲೆ ಹೊಸ ಪುಸ್ತಕಕ್ಕೆ ಸಹಿ ಮಾಡುತ್ತೇನೆ.

ನಾನು ಅತ್ತೆಯನ್ನು ನೋಡಿದೆ. ಒಳ್ಳೆಯ ಗಾಡಿ ಅವರಲ್ಲೇ ಉಳಿಯುತ್ತದೆ, ಗುತ್ತಿಗೆಯೂ ಉಳಿಯುತ್ತದೆ. ಒಂದು ಸಹಿಯ ಮಾತು.

"ನಾನು ಸಹಿ ಮಾಡ್ತೀನಿ," ಎಂದ ಮೈದುನ. ಎದೆಯ ಮೇಲೆ ಕೈ ಕಟ್ಟಿಕೊಂಡಿದ್ದ. "ಅವರು ಕೇಳಲಿ. ನನ್ನ ಮುಖ ನೋಡಿ, ಬಾಯಿ ಬಿಟ್ಟು ಒಂದು ಸಲ ಕೇಳಲಿ. ಅಷ್ಟೇ ಸಾಕು."

ಅಂಗಳದಲ್ಲಿ ಗಾಡಿ ತೋರಿಸಲು ಬಂದವರೆಲ್ಲ ತಮ್ಮ ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಅತ್ತೆ ತಲೆ ಎತ್ತಿ, ಅಷ್ಟು ವರ್ಷಗಳಲ್ಲಿ ಮೊದಲನೆಯ ಸಲ, ಮೈದುನನ ಮುಖವನ್ನು ಸರಿಯಾಗಿ ನೋಡಿದರು. ಕೇಳಿಯೇಬಿಡುತ್ತಾರೆ ಎಂದುಕೊಂಡೆ. ಕೇಳಲಿ ಎಂದು ನನ್ನ ಮನಸ್ಸೂ ಎಳೆಯುತ್ತಿತ್ತು. ಅದು ನನಗೇ ಆಶ್ಚರ್ಯ.

"ಆರ್‌ಸಿ ಪುಸ್ತಕ ನೀನು ಕದ್ದಿಲ್ಲ," ಎಂದರು ಅತ್ತೆ. "ನನ್ನ ಏಪ್ರನ್ ಜೇಬಲ್ಲಿತ್ತು. ನಾನೇ ಡ್ರಮ್ಮಿಗೆ ಹಾಕಿದೆ. ಠಾಣೇಲಿ ನಿನ್ನ ಹೆಸರು ಹೇಳಿದ್ದೆ. ಅದು ತಪ್ಪು."

ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ಮೈದುನನ ಕಟ್ಟಿದ ಕೈ ಸಡಿಲವಾಯಿತು. ಇನ್ನೂ ಏನೋ ಬರುತ್ತದೆ ಎಂದು ಕಾದ. ನಾವೆಲ್ಲ ಕಾದೆವು.

ಅತ್ತೆ ನನ್ನ ಕಡೆ ತಿರುಗಿದರು. "ಅಳಿಯಂದಿರೇ, ಸ್ಪ್ಯಾನರ್ ತಂದಿದ್ದೀರಾ? ಪ್ಲೇಟು ಬಿಚ್ಚಿ."

"ಅತ್ತೆ, ಸ್ವಲ್ಪ ಯೋಚನೆ ಮಾಡಿ. ಆ ಗಾಡಿ..."

"ಅವನು ಕೂತ ಸೀಟಿನ ಮೇಲೆ ಕೂರಲ್ಲ ಅಂದಿದ್ದೆ. ಗೊತ್ತಿಲ್ಲದೆ ಕೂತಿದ್ದಾಯ್ತು. ಗೊತ್ತಿದ್ದೂ ಕೂರಲಾ? ಬಿಚ್ಚಿ."

ಇಷ್ಟು ವರ್ಷ ಆತ ಕೂತದ್ದು ಆ ಸೊಟ್ಟ ಗಾಡಿಯ ಸೀಟಿನ ಮೇಲೇ ಎಂದು ನೆನಪಿಸಲು ನಾನು ಹೋಗಲಿಲ್ಲ. ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ನನ್ನ ಬೆರಳ ಗೆಣ್ಣು ಸುಲಿಯಿತು. ಮೈದುನ ತನ್ನ ಗಾಡಿಯ ಪ್ಲೇಟನ್ನು ತಾನೇ ಬಿಚ್ಚಿ, ಸರಕ್ಕನೆ ಎಳೆದು, ನನ್ನ ಕಾಲ ಬಳಿ ಎಸೆದ. "ಸೊಕ್ಕು," ಎಂದ. "ಸೊಕ್ಕಲ್ಲೇ ಸಾಯಿರಿ." ನಾನು ಎರಡು ಪ್ಲೇಟನ್ನೂ ಅದಲುಬದಲು ಮಾಡಿ ಕೂರಿಸಿದ ಮೇಲೆ ಒಳ್ಳೆಯ ವ್ಯಾನನ್ನು ಹತ್ತಿ ಸ್ಟಾರ್ಟ್ ಮಾಡಿ ಹೊರಟ. ಅಭ್ಯಾಸಬಲದಿಂದ ಸ್ಟೀರಿಂಗನ್ನು ಬಲಕ್ಕೆ ಎಳೆದನೋ ಏನೋ, ಗೇಟಿನ ಬಲಗಡೆಯ ಕಂಬಕ್ಕೆ ಕನ್ನಡಿ ತಗುಲಿಸಿಕೊಂಡು ಹೋದ.

ಇನ್ಸ್‌ಪೆಕ್ಟರ್ ಸಹಿ ಹಾಕಿದ. ಹೊಸ ಪುಸ್ತಕ ಅವಧಿಯೊಳಗೇ ಬಂತು. ಅತ್ತೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಆಸ್ಪತ್ರೆಗೆ ಹೋಗಿ ತೋರಿಸಿದರು. ಗುತ್ತಿಗೆ ಅವರಿಗೇ ಸಿಕ್ಕಿತು. ಲಾಂಡ್ರಿ ಮುಚ್ಚಲಿಲ್ಲ. ನನ್ನ ಹೆಂಡತಿ ಅತ್ತಳು, ನಕ್ಕಳು. ಅತ್ತೆ ಎರಡನ್ನೂ ಮಾಡಲಿಲ್ಲ.

ಗುತ್ತಿಗೆಯ ಮೊದಲ ದಿನ ಹೊರೆ ಇಳಿಸಲು ನಾನೂ ಹೋಗಿದ್ದೆ. ಅತ್ತೆ ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದು, ಮೈಯನ್ನೆಲ್ಲ ಬಲಕ್ಕೆ ಹೂಡಿ ಓಡಿಸುತ್ತಿದ್ದರು. ಸ್ವಲ್ಪ ಸಡಿಲ ಬಿಟ್ಟರೆ ಗಾಡಿ ಚರಂಡಿಯ ಕಡೆ ಹೋಗುತ್ತಿತ್ತು. ಹಣೆಯ ಮೇಲೆ ಬೆವರು. ಒರೆಸಿಕೊಳ್ಳಲು ಕೈ ಬಿಡುವ ಹಾಗಿಲ್ಲ. ಚೌಕಟ್ಟು ಒಂದು ಸಲ ಮೆಕ್ಯಾನಿಕ್‌ಗೆ ತೋರಿಸೋಣ ಎಂದೆ. ಅವರು ಸ್ಟೀರಿಂಗನ್ನು ಇನ್ನೊಂದು ಸ್ವಲ್ಪ ಬಲಕ್ಕೆ ಎಳೆದರು.

"ನಿಮ್ಮ ಮಾವ ಬದುಕಿದ್ದಿದ್ರೆ," ಎಂದರು ಒಂದಷ್ಟು ದೂರ ಹೋದ ಮೇಲೆ, "ಇವತ್ತು ನನ್ನ ಕೈಯಲ್ಲೇ ಸಾಯ್ತಿದ್ರು." ಗಂಡನನ್ನು ಅವರು ಬೈದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತಿರುವಿನಲ್ಲಿ ಎದುರಿಗೆ ಮೈದುನನ ವ್ಯಾನು ಬಂತು. ನಾನು ಕಿಟಕಿಯ ಗಾಜಿನ ಕಡೆ ನೋಡಿದೆ. ಅದು ಇಳಿಯಲಿಲ್ಲ. ಆ ವ್ಯಾನು ಎಲ್ಲೂ ವಾಲದೆ, ಯಾರೂ ಹಿಡಿಯದಿದ್ದರೂ ಹೋಗುವ ಹಾಗೆ ನೇರವಾಗಿ ನಮ್ಮನ್ನು ದಾಟಿಹೋಯಿತು. ಓಡಿಸುತ್ತಿದ್ದವನ ಒಂದು ಕೈ ಕಿಟಕಿಯ ಹೊರಗಿತ್ತು. ಅತ್ತೆ ಕನ್ನಡಿಯಲ್ಲಿ ಅದು ಮರೆಯಾಗುವವರೆಗೆ ನೋಡಿದರು.

"ನಾನು ಓಡಿಸ್ತಿದ್ದೆ ಅಂದ್ಕೊಂಡಿದ್ದೆ," ಎಂದರು. ದನಿ ಅವರದಲ್ಲ ಎನ್ನುವಷ್ಟು ಮೆಲ್ಲಗಿತ್ತು. "ಅದೇ ಹೋಗ್ತಿತ್ತು."

 ಹೇಳಲು ಎಷ್ಟು ವರ್ಷಗಳಿಂದ ಏನೇನೋ ಕೂಡಿಟ್ಟಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಗಾಡಿ ಎಡಕ್ಕೆ ಎಳೆಯಿತು. ಅತ್ತೆ ಹಲ್ಲು ಕಚ್ಚಿ ಅದನ್ನು ರಸ್ತೆಗೆ ತಂದರು.

"ನನ್ನ ಮುಖ ಏನು ನೋಡ್ತಿದ್ದೀರಿ?" ಎಂದರು. "ಎಡಗಡೆ ಕೂತು ಭಾರ ಹಾಕಿದ್ದು ಸಾಲದಾ? ಈ ಕಡೆ ಸರೀರಿ."

ನಾನು ಸರಿದು ಕೂತೆ.